‘ಎಳ್ಳು ಆಗಲ್ಲ’ ಎಂದು ಬರೆದಿತ್ತು

ಅಜ್ಜಿಯ ಅರ್ಜಿಯಲ್ಲಿ ಅದು ಬರೆದೇ ಇತ್ತು. ಊಟದ ಕಾಲಂನಲ್ಲಿ ಮೂರು ಮಾತು: ‘ಸಸ್ಯಾಹಾರ. ಖಾರ ಕಡಿಮೆ. ಎಳ್ಳು ಆಗಲ್ಲ.’ ಅರ್ಜಿ ತುಂಬಿದ್ದು ಅವರ ಮಗಳು. ಓದಿ ಸಹಿ ಹಾಕಿದ್ದು ನಾನು. ಫೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೂ ನಾನೇ.

ಮೈಸೂರಿನ ಹೊರಗೆ ಇರುವ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. 38 ಜನ ಹಿರಿಯರಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಜನ ಹಾಸಿಗೆ ಹಿಡಿದವರು, ಇಲ್ಲವೇ ಮರೆವಿನ ಕಾಯಿಲೆ ಇರುವವರು. ಈ ಅಜ್ಜಿಗೂ ಮರೆವು. ಮಗಳ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ. ತನಗೆ ಎಳ್ಳು ಆಗುವುದಿಲ್ಲ ಎನ್ನುವುದು ಅವರಿಗೆ ಪೂರ್ತಿ ಮರೆತುಹೋಗಿತ್ತು.

ನಮ್ಮಂಥ ಆಶ್ರಮಗಳಿಗೆ ಊಟ ಕೊಡಿಸಲು ಜನ ಬರುತ್ತಾರೆ. ಮಕ್ಕಳ ಹುಟ್ಟುಹಬ್ಬ, ಅಪ್ಪನ ತಿಥಿ, ಮದುವೆಯ ದಿನ. ಅದು ನಮಗೆ ದೊಡ್ಡ ಆಸರೆ. ಒಂದು ಭಾನುವಾರ ಒಂದು ಕುಟುಂಬದವರು ಮನೆಯಲ್ಲೇ ಅಡುಗೆ ಮಾಡಿ ತಂದರು. ಪುಳಿಯೋಗರೆ, ಮೊಸರನ್ನ, ಕೇಸರಿಬಾತ್. ತಾವೇ ಪ್ರೀತಿಯಿಂದ ಬಡಿಸಿದರು. ಪುಳಿಯೋಗರೆ ಗೊಜ್ಜಿಗೆ ಹುರಿದ ಎಳ್ಳಿನ ಪುಡಿ ಹಾಕುತ್ತಾರೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಎಲ್ಲರಿಗೂ ಗೊತ್ತು. ಆದರೆ ಆ ತಟ್ಟೆಯ ಮುಂದೆ ನಿಂತವರಿಗೆ ಅಜ್ಜಿಯ ವಿಷಯ ಗೊತ್ತಿರಲಿಲ್ಲ. ಅಜ್ಜಿಯ ವಿಷಯ ಗೊತ್ತಿದ್ದ ನಾನು ಮೇಲಿನ ಮಹಡಿಯಲ್ಲಿ ಒಬ್ಬರಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದೆ.

ಊಟ ಆಗಿ ಕಾಲು ಗಂಟೆಯೊಳಗೆ ಅಜ್ಜಿ ಅಂಗೈ ಉಜ್ಜಿಕೊಳ್ಳಲು ಶುರು ಮಾಡಿದರಂತೆ. ನಾಲಿಗೆ ಹೊರಗೆ ಹಾಕಿ ಸೆರಗಿನಿಂದ ಒರೆಸಿಕೊಂಡರಂತೆ. ಸೀರೆ ಎಳೆದಾಡಿದರು. ‘ಇವತ್ತು ಅಜ್ಜಿ ಯಾಕೋ ಹಟ ಮಾಡ್ತಿದಾರೆ’ ಅಂದುಕೊಂಡಳು ಆಯಾ. ಮರೆವಿನ ಕಾಯಿಲೆಯವರು ಹಾಗೆ ಮಾಡುವುದು ಉಂಟಲ್ಲ. ಆಮೇಲೆ ಮೈಮೇಲೆ ದದ್ದು ಕಂಡಿತು. ಯಾರೋ ಅಲರ್ಜಿಗೆ ಕೊಡುವ ಒಂದು ಸೆಟ್ರಿಜಿನ್ ಮಾತ್ರೆ ಕೊಟ್ಟರು. ವಾಂತಿ ಬರುವಂತೆ ಕಂಡಿದ್ದಕ್ಕೆ ಎಬ್ಬಿಸಿ ಬಚ್ಚಲಿಗೆ ನಡೆಸಿಕೊಂಡು ಹೊರಟರು. ನಾನು ಇಳಿದು ಬಂದಾಗ ಅಜ್ಜಿಯ ತುಟಿ ಊದಿತ್ತು. ಎದೆಯಿಂದ ಸೀಟಿಯಂಥ ಶಬ್ದ ಬರುತ್ತಿತ್ತು. ಮುಖ ಬೂದಿಯಾಗಿತ್ತು.

ಕೈ ನಡುಗುತ್ತಿದ್ದರೂ ಕೆಲಸ ನೆನಪಿತ್ತು. ಅಲ್ಲೇ ಕೂರಿಸಿ ಕಾಲು ಚಾಚಿಸಿದೆ. ಒಬ್ಬರು 108ಕ್ಕೆ ಫೋನ್ ಮಾಡಿದರು. ನಾನು ನಮ್ಮಲ್ಲಿಗೆ ಬರುವ ಡಾಕ್ಟರಿಗೆ ಮಾಡಿದೆ. ‘ಅಡ್ರಿನಲಿನ್ ಅರ್ಧ ಎಂಎಲ್, ತೊಡೆಯ ಹೊರಭಾಗದ ಸ್ನಾಯುವಿಗೆ, ಈಗಲೇ’ ಅಂದರು. ತುರ್ತು ಟ್ರೇಯಲ್ಲಿ ಆ ಇಂಜೆಕ್ಷನ್ನಿನ ಒಂದು ಆಂಪ್ಯೂಲ್, ಅಂದರೆ ಗಾಜಿನ ಸಣ್ಣ ಶೀಶೆ, ಇತ್ತು. ಕೊಟ್ಟೆ. ಐದಾರು ನಿಮಿಷದಲ್ಲಿ ಉಸಿರು ಸ್ವಲ್ಪ ಸಡಿಲವಾಯಿತು. ಆಂಬುಲೆನ್ಸ್ ಬಂತು. ಮೊದಲ ಸಲ ಇಳಿದ ಅಲರ್ಜಿ ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸಬಹುದು. ಅದಕ್ಕೆ ರಾತ್ರಿಯೆಲ್ಲ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮರುದಿನ ಅಜ್ಜಿ ವಾಪಸ್ ಬಂದರು. ಏನೂ ನೆನಪಿರಲಿಲ್ಲ. ನನ್ನ ಕೈ ಹಿಡಿದು ‘ಊಟ ಆಯ್ತಾ ಮಗಾ?’ ಅಂದರು.

ಆ ರಾತ್ರಿ ಆಸ್ಪತ್ರೆಯಿಂದಲೇ ಮಗಳಿಗೆ ಫೋನ್ ಮಾಡಿದ್ದೆ. ಅವರು ಬೈಯಲಿಲ್ಲ. ಅತ್ತರು. ‘ನಾನು ಬರೆದಿದ್ದೆನಲ್ಲಾ ಸಿಸ್ಟರ್’ ಅಂದರು. ಆಮೇಲೆ ನಿಧಾನವಾಗಿ ಪೂರ್ತಿ ಕಥೆ ಹೇಳಿದರು. ಅಜ್ಜಿಗೆ ನಲವತ್ತು ದಾಟಿದಾಗ ಒಂದು ಮದುವೆ ಮನೆಯಲ್ಲಿ ಊಟ ಮಾಡಿ ಎದ್ದವರು ಕೈ ತೊಳೆಯುವ ಜಾಗದಲ್ಲೇ ಬಿದ್ದಿದ್ದರು. ಅದಾದ ಮೇಲೆ ಎರಡು ಸಲ ಹಾಗೇ ಆಗಿತ್ತು. ಅವತ್ತಿನಿಂದ ಆ ಮನೆಗೆ ಎಳ್ಳು ಬರಲೇ ಇಲ್ಲ. ಸಂಕ್ರಾಂತಿಗೆ ಬಂದ ಎಳ್ಳನ್ನು ಬಾಗಿಲಲ್ಲೇ ಇಸಿದುಕೊಂಡು ಕೆಲಸದವರಿಗೆ ಕೊಡುತ್ತಿದ್ದರು. ಸೊಸೆಗೆ ಗೊತ್ತಿತ್ತು, ನೆರೆಮನೆಯವರಿಗೆ ಗೊತ್ತಿತ್ತು, ಬೀಗರಿಗೆ ಗೊತ್ತಿತ್ತು. ಮೂವತ್ತು ವರ್ಷ ಇಡೀ ಮನೆಯೇ ಅವರನ್ನು ಕಾಯ್ದಿತ್ತು. ನಮ್ಮಲ್ಲಿಗೆ ಬರುವಾಗ ಅಷ್ಟೆಲ್ಲ ‘ಆಗಲ್ಲ’ ಎನ್ನುವ ಒಂದು ಮಾತಾಗಿ ಬಂತು. ನಾನು ಅದನ್ನು ಎಲ್ಲರ ‘ಆಗಲ್ಲ’ದ ಜೊತೆ ಸೇರಿಸಿಬಿಟ್ಟಿದ್ದೆ.

ಕನ್ನಡದಲ್ಲಿ ಆ ಮಾತಿಗೆ ಎಷ್ಟು ಅರ್ಥ ನೋಡಿ. ಹಾಗಲಕಾಯಿ ಆಗಲ್ಲ ಎಂದರೆ ಇಷ್ಟ ಇಲ್ಲ. ಆಲೂಗಡ್ಡೆ ಆಗಲ್ಲ ಎಂದರೆ ವಾಯು. ಮಾವಿನಹಣ್ಣು ಆಗಲ್ಲ ಎಂದರೆ ಸಕ್ಕರೆ ಕಾಯಿಲೆ. ನಾನು ಎಲ್ಲ 38 ಜನರ ಫೈಲ್ ತೆಗೆದು ಕೂತೆ. 21 ಫೈಲುಗಳಲ್ಲಿ ಏನೋ ಒಂದು ‘ಆಗಲ್ಲ’ ಇತ್ತು. ಒಬ್ಬೊಬ್ಬರ ಹತ್ತಿರ ಕೂತು ಕೇಳಿದೆ. ಹೇಳಲು ಆಗದವರ ಮನೆಯವರಿಗೆ ಫೋನ್ ಮಾಡಿದೆ. ಇದಕ್ಕೇ ಎರಡು ವಾರ ಹಿಡಿಯಿತು.

ಒಬ್ಬ ತಾತ ಕುಂಬಳಕಾಯಿ ಆಗಲ್ಲ ಅಂದಿದ್ದರು. ಅದು ಕಾಶಿಯಲ್ಲಿ ಬಿಟ್ಟು ಬಂದ ತರಕಾರಿ! ಇನ್ನೊಬ್ಬರಿಗೆ ಕಾಲಿನ ಗಾಯಕ್ಕೆ ನಂಜು ಆಗುತ್ತದೆಂಬ ಭಯ. ಇಬ್ಬರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ. ಅದು ಹಾಲಿನ ಸಕ್ಕರೆ ಅರಗದೆ ಇರುವುದು, ಅಲರ್ಜಿ ಅಲ್ಲ. ಮೊಸರು ಕೊಟ್ಟರೆ ಅವರಿಗೆ ಏನೂ ಆಗುವುದಿಲ್ಲ. ಒಬ್ಬ ಅಜ್ಜಿಗೆ ಸೊಪ್ಪು ಬೇಡ ಎಂದಿತ್ತು. ಅವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದರು, ಅದಕ್ಕೆ ಡಾಕ್ಟರ್ ಹೇಳಿದ್ದು.

ಇವು ಯಾವುವನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಕಾಶಿಯಲ್ಲಿ ಬಿಟ್ಟದ್ದನ್ನು ತಾತನಿಗೆ ಬಡಿಸಬಾರದು, ಅದು ಅವರ ನಂಬಿಕೆ. ಆದರೆ ಸೌಟು ತಪ್ಪಿ ಒಂದು ಹನಿ ಬಿದ್ದರೆ ಜೀವ ಹೋಗುವುದಿಲ್ಲ. ಅಲರ್ಜಿಯಲ್ಲಿ ಹೋಗಬಹುದು. ಎರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ಅಡುಗೆಯವರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಕೇಳುತ್ತಾ ಕೇಳುತ್ತಾ ನನಗೆ ಸರಿಯಾದ ಪ್ರಶ್ನೆಗಳು ಸಿಕ್ಕವು. ತಿಂದ ಎಷ್ಟು ಹೊತ್ತಿಗೆ ಆಗುತ್ತದೆ? ಏನೇನು ಆಗುತ್ತದೆ? ಪ್ರತಿ ಸಲವೂ ಆಗುತ್ತದಾ? ಚೂರು ತಿಂದರೂ ಆಗುತ್ತದಾ? ಆಸ್ಪತ್ರೆಗೆ ಹೋಗಿದ್ದಿರಾ? ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ದದ್ದು, ಊತ, ವಾಂತಿ, ಉಸಿರುಗಟ್ಟುವುದು ಆಗಿದ್ದರೆ ನನಗೆ ಕಿವಿ ನೆಟ್ಟಗಾಗುತ್ತದೆ. ಹೀಗೆ ಜರಡಿ ಹಿಡಿದಾಗ 21ರಲ್ಲಿ ಮೂವರು ಉಳಿದರು. ಎಳ್ಳಿನ ಅಜ್ಜಿ. ಸಿಗಡಿ ಆಗದ ಕರಾವಳಿಯ ತಾತ. ಬದನೆಕಾಯಿ ಆಗದ ಇನ್ನೊಬ್ಬ ಅಜ್ಜಿ.

ಬದನೆಕಾಯಿಯ ಅಜ್ಜಿಯನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲವಂತೆ. ‘ಬದನೆಕಾಯಿಗೆ ಯಾರಿಗಾದ್ರೂ ಏನಾದ್ರೂ ಆಗುತ್ತಾ? ಸುಮ್ನೆ ನೆಪ’ ಎನ್ನುತ್ತಿದ್ದರು. ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ. ಇದೇ ಮೈಸೂರಿನಲ್ಲಿ ಬದನೆಕಾಯಿ ಅಲರ್ಜಿಯ ಮೇಲೆ ಸಂಶೋಧನೆ ಆಗಿದೆ, 2008ರಲ್ಲಿ ಪ್ರಕಟವಾಗಿದೆ, ಹೆಂಗಸರಲ್ಲೇ ಜಾಸ್ತಿ ಕಂಡಿತ್ತು ಎಂದರು. ನಾನು ಅಜ್ಜಿಗೆ ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ನಮ್ಮತ್ತೆ ಇದ್ದಿದ್ರೆ ಕರೆದು ಹೇಳು ಅಂತಿದ್ದೆ’ ಅಂದರು.

ಉಲ್ಟಾ ತೊಂದರೆಯೂ ಇದೆ. ಒಬ್ಬ ತಾತ ರಕ್ತ ಪರೀಕ್ಷೆಯ ದೊಡ್ಡ ಪಟ್ಟಿ ಹಿಡಿದು ಬಂದಿದ್ದರು. ಅದರಲ್ಲಿ ಗೋಧಿ, ಹಾಲು, ತೊಗರಿಬೇಳೆ, ಬಾಳೆಹಣ್ಣು, ಟೊಮೆಟೊ ಎಲ್ಲದಕ್ಕೂ ಗುರುತು. ಮಗ ಒಳ್ಳೆಯವರು, ಅಪ್ಪನ ಮೇಲೆ ಪ್ರಾಣ. ಪಟ್ಟಿಯಲ್ಲಿದ್ದ ಒಂದನ್ನೂ ಕೊಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ತಾತ ಗಂಜಿ ಕುಡಿದು ಕುಡಿದು ಕಡ್ಡಿಯಾಗಿದ್ದರು. ಇವಕ್ಕೆ ಮೊದಲು ಏನಾದರೂ ಆಗಿತ್ತಾ ಎಂದು ಕೇಳಿದರೆ, ಜೀವನವೆಲ್ಲ ತಿಂದಿದ್ದೇನೆ ಎನ್ನುತ್ತಾರೆ! ಅಲರ್ಜಿ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ರಕ್ತದಲ್ಲಿ ಗುರುತು ಕಾಣುವುದು ಬೇರೆ, ನಿಜವಾಗಿ ಅಲರ್ಜಿ ಇರುವುದು ಬೇರೆ ಎಂದು ಅವರು ಬಿಡಿಸಿ ಹೇಳಿದರು. ನಮ್ಮ ಕರ್ನಾಟಕದಲ್ಲೇ ಸಾವಿರಾರು ವಯಸ್ಕರ ಮೇಲೆ ಒಂದು ದೊಡ್ಡ ಅಧ್ಯಯನ ಆಗಿದೆ. 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಗುರುತು ಕಂಡವರು ನೂರಕ್ಕೆ 26.5. ಅಲರ್ಜಿ ಇರಬಹುದು ಎಂದು ಲೆಕ್ಕಕ್ಕೆ ಸಿಕ್ಕವರು ನೂರಕ್ಕೆ 1.2 ಮಾತ್ರ. ತಜ್ಞರು ತಮ್ಮ ಕಣ್ಣೆದುರಲ್ಲೇ ಒಂದೊಂದಾಗಿ ಕೊಟ್ಟು ನೋಡಿ ಹೆಚ್ಚಿನವನ್ನು ವಾಪಸ್ ಶುರು ಮಾಡಿಸಿದರು. ತಾತ ಮೊದಲ ದಿನ ಬೇಳೆ ಹುಳಿ ಅನ್ನ ತಿಂದಾಗ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇದನ್ನು ಮನೆಯಲ್ಲಿ ಯಾರೂ ತಾವಾಗಿ ಮಾಡಬೇಡಿ. ಡಾಕ್ಟರ್ ಎದುರಲ್ಲೇ ಆಗಬೇಕು.

ಇನ್ನು ಅಡುಗೆಮನೆ. ನಮ್ಮ ಭಟ್ಟರು ಮೂವತ್ತು ವರ್ಷದಿಂದ ಅಡುಗೆ ಮಾಡಿದವರು. ಪುಡಿಗಳನ್ನೆಲ್ಲ ಅವರೇ ಹುರಿದು ಮಾಡುತ್ತಾರೆ. ಆ ಭಾನುವಾರದ ಅಡುಗೆ ಅವರದಲ್ಲ. ಆದರೂ ಅವರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ‘ಅಮ್ಮಾ, ನಮ್ಮ ಚಟ್ನಿಪುಡಿಯಲ್ಲೂ ಎಳ್ಳಿದೆ. ಅಜ್ಜಿ ಖಾರ ತಿನ್ನಲ್ಲ ಅಂತ ಉಳ್ಕೊಂಡಿದ್ದು’ ಎಂದು ಅವರೇ ಬಂದು ಹೇಳಿದರು. ಅವರು ಹಾಗೆ ಬಾಯಿಬಿಟ್ಟು ಹೇಳಿದ್ದಕ್ಕೇ ಮುಂದಿನ ಕೆಲಸ ಆಗಿದ್ದು. ಬೈದಿದ್ದರೆ ಯಾರೂ ಇನ್ನೊಂದು ಸಲ ನಿಜ ಹೇಳುತ್ತಿರಲಿಲ್ಲ.

ಇಬ್ಬರೂ ಕೂತು ಒಂದೊಂದೇ ಡಬ್ಬ ಇಳಿಸಿದೆವು. ಚಟ್ನಿಪುಡಿ, ಗೊಜ್ಜಿನ ಪುಡಿ, ಎಣ್ಣೆಗಾಯಿ ಮಸಾಲೆ, ಚಕ್ಕುಲಿ, ನಿಪ್ಪಟ್ಟು. ಎಳ್ಳು ಕಣ್ಣಿಗೆ ಕಾಣುವುದು ಚಕ್ಕುಲಿ, ನಿಪ್ಪಟ್ಟಿನಲ್ಲಿ ಮಾತ್ರ. ಉಳಿದ ಕಡೆ ಪುಡಿಯಾಗಿ ಅಡಗಿರುತ್ತದೆ. ಚಕ್ಕುಲಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುತ್ತಿದ್ದೆವು. ಅದನ್ನು ನಿಲ್ಲಿಸಿದೆವು. ಅಂಗಡಿಯ ಪೊಟ್ಟಣಗಳ ಹಿಂದೆ ಓದಲು ಶುರು ಮಾಡಿದಾಗ ನನಗೆ ಇನ್ನೊಂದು ಗೊತ್ತಾಯಿತು. ನಮ್ಮ ದೇಶದ 2020ರ ಲೇಬಲ್ ನಿಯಮದಲ್ಲಿ ಅಲರ್ಜಿ ಎಂದು ಬೇರೆಯಾಗಿ ಹೇಳಲೇಬೇಕಾದ ಪಟ್ಟಿ ಇದೆ. ಗೋಧಿಯಂಥ, ಗ್ಲುಟೆನ್ ಎಂಬ ಪ್ರೋಟೀನ್ ಇರುವ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ತಿನಿಸು ಕೆಡದಂತೆ ಹಾಕುವ ಸಲ್ಫೈಟ್. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಸಾಸಿವೆಯೂ ಇಲ್ಲ.

ನನ್ನ ಜೊತೆ ನರ್ಸಿಂಗ್ ಓದಿದವಳೊಬ್ಬಳು ಇಂಗ್ಲೆಂಡಿನಲ್ಲಿ ಇಂಥದ್ದೇ ಹಿರಿಯರ ಕೇರ್ ಹೋಮ್‌ನಲ್ಲಿದ್ದಾಳೆ. ಅವಳನ್ನು ಕೇಳಿದೆ. ಅಲ್ಲಿ ಕಾನೂನಿನ ಪಟ್ಟಿಯಲ್ಲಿ 14 ಪದಾರ್ಥ. ಎಳ್ಳು, ಸಾಸಿವೆ ಎರಡೂ ಇವೆ. ಯಾವ ಅಡುಗೆಯಲ್ಲಿ ಯಾವುದಿದೆ ಎಂದು ಹಾಳೆ ನೋಡಿ ಹೇಳಲು ಬರಬೇಕು. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಅಂಗಡಿಯಲ್ಲಿ ಕೊಂಡ ಸ್ಯಾಂಡ್‌ವಿಚ್ ತಿಂದು ತೀರಿಕೊಂಡಿದ್ದಳು. ಬ್ರೆಡ್ಡಿನ ಹಿಟ್ಟಿನೊಳಗೆ ಎಳ್ಳಿತ್ತು, ಲೇಬಲ್ಲಿನಲ್ಲಿ ಇರಲಿಲ್ಲ. ಅಲ್ಲೇ ಮಾಡಿ, ಮೊದಲೇ ಕಟ್ಟಿಟ್ಟು ಮಾರುವ ತಿಂಡಿಯ ಮೇಲೂ ಎಲ್ಲವನ್ನೂ ಬರೆಯಬೇಕೆಂಬ ಕಾನೂನು ಅವಳ ಹೆಸರಿನಲ್ಲೇ 2021ರ ಅಕ್ಟೋಬರಿನಲ್ಲಿ ಅಲ್ಲಿ ಜಾರಿಯಾಯಿತು. ಕೇಳುತ್ತಿದ್ದಂತೆ ನನಗೆ ನಮ್ಮ ಪುಳಿಯೋಗರೆ ಕಣ್ಣಮುಂದೆ ಬಂತು. ಅಲ್ಲಿ ಹಿಟ್ಟಿನೊಳಗೆ, ಇಲ್ಲಿ ಗೊಜ್ಜಿನೊಳಗೆ.

ಆಡಳಿತದವರ ಜೊತೆ ಮಾತಾಡಿ ಎಳ್ಳನ್ನು ಅಡುಗೆಮನೆಯಿಂದಲೇ ತೆಗೆದೆವು. 38 ಜನಕ್ಕೆ ಎಳ್ಳಿಲ್ಲದೆ ಅಡುಗೆ ನಡೆಯುತ್ತದೆ. ‘ಮಸಾಲೆ ಪದಾರ್ಥಗಳು’ ಎಂದಷ್ಟೇ ಬರೆದಿರುವ ಸಿದ್ಧ ಪುಡಿಗಳನ್ನು ತರುವುದಿಲ್ಲ. ಆಮೇಲೆ ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟೆನ್ ತಿಂದರೆ ಕರುಳು ಕೆಡುವ ಕಾಯಿಲೆ, ಇರುವ ಒಬ್ಬರು ಬಂದರು. ಅದು ಅಲರ್ಜಿಯಲ್ಲ, ಆದರೆ ಗೋಧಿಯ ಚೂರೂ ಹೋಗಬಾರದು. ಅವರ ಚಪಾತಿ ನಿಲ್ಲಿಸುವುದು ಸುಲಭ. ಕಷ್ಟ ಕೊಟ್ಟಿದ್ದು ಇಂಗು! ಅಂಗಡಿಯ ಇಂಗಿನ ಡಬ್ಬದಲ್ಲಿ ಗೋಧಿ ಹಿಟ್ಟು ಸೇರಿಸಿರುವುದೇ ಹೆಚ್ಚು. ದಿನಾ ಒಗ್ಗರಣೆಗೆ ಹಾಕುತ್ತಿದ್ದರೂ ಭಟ್ಟರಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ.

ಬದನೆಕಾಯಿಯನ್ನು ಪೂರ್ತಿ ಬಿಡಲು ಆಗಲಿಲ್ಲ. ಮೈಸೂರಿನಲ್ಲಿ ವಾಂಗಿಬಾತ್ ಬಿಡಿ ಎಂದು ಯಾರಿಗೆ ಹೇಳಲಿ? ಅವತ್ತು ಆ ಅಜ್ಜಿಗೆ ತೊಂಡೆಕಾಯಿ ಹಾಕಿದ ಬಾತ್ ಮೊದಲು ಮಾಡಿ, ಬೇರೆ ಡಬ್ಬಿಗೆ ಹಾಕಿ ಮುಚ್ಚಿಟ್ಟು, ಆಮೇಲೆ ಉಳಿದದ್ದು. ಬಡಿಸುವವರಿಗೆ ಮತ್ತೆ ಮತ್ತೆ ಹೇಳಬೇಕಾದ ಮಾತು ಒಂದಿತ್ತು. ಹೋಳು ತೆಗೆದು ಹುಳಿ ಹಾಕಿದರೆ ಸಾಲದು. ಬೆಂದದ್ದರ ರಸದಲ್ಲಿ ಅದು ಇರುತ್ತದೆ. ಹಾಗೆ ತೆಗೆದು ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ, ಅದಕ್ಕೇ ಹೇಳುವುದು ಕಷ್ಟ.

ಬೇರೆ ಬಡಿಸುವುದರಲ್ಲಿ ನೋವೂ ಇತ್ತು. ಮೂವರಿಗೆ ಬಣ್ಣದ ತಟ್ಟೆ ತಂದು ಪಕ್ಕದ ಮೇಜಿಗೆ ಕೂರಿಸಿದೆವು. ಮೂರನೇ ದಿನ ಬದನೆಕಾಯಿಯ ಅಜ್ಜಿ ಊಟ ಬೇಡ ಎಂದರು. ಎಷ್ಟು ಕೇಳಿದರೂ ಹೇಳಲಿಲ್ಲ. ರಾತ್ರಿ ಮಾತ್ರೆ ಕೊಡಲು ಹೋದಾಗ ಹೇಳಿದರು: ‘ಪಂಕ್ತಿಯಿಂದ ಎಬ್ಬಿಸಿ ಬೇರೆ ಕೂರಿಸೋದು ಅಂದ್ರೆ ಏನು ಅಂತ ನಿನಗೆ ಗೊತ್ತಾ?’ ನನಗೆ ಗೊತ್ತಿರಬೇಕಿತ್ತು. ಅವರ ಕಾಲದಲ್ಲಿ ಬೇರೆ ಕೂರಿಸಿದ್ದು ಯಾರನ್ನು, ಯಾಕೆ ಎನ್ನುವುದು ಅವರು ಕಣ್ಣಾರೆ ಕಂಡದ್ದು. ಮರುದಿನ ಬಣ್ಣದ ತಟ್ಟೆ ತೆಗೆದೆವು. ಎಲ್ಲರಿಗೂ ಸ್ಟೀಲ್ ತಟ್ಟೆ, ಎಲ್ಲರ ತಟ್ಟೆಯ ಮೇಲೂ ಅವರವರ ಹೆಸರು ಕೆತ್ತಿಸಿದೆವು, ಮದುವೆ ಪಾತ್ರೆಗೆ ಕೆತ್ತಿಸುವ ಹಾಗೆ. ಮೂವರಿಗೆ ತಟ್ಟೆಯ ಅಡಿಯಲ್ಲಿ ಇನ್ನೊಂದು ಗುರುತು. ಅವರು ಎಲ್ಲರ ಜೊತೆಯೇ ಕೂರುತ್ತಾರೆ. ಆದರೆ ಮೊದಲು ಬಡಿಸುವುದು ಅವರಿಗೆ. ಸೌಟುಗಳು ಇನ್ನೂ ಒಂದರಿಂದೊಂದಕ್ಕೆ ಹೋಗಿರುವುದಿಲ್ಲ, ಹಾಗಾಗಿ ಅದೇ ಹೆಚ್ಚು ಸುರಕ್ಷಿತ. ಅವರಿಗೋ, ಮೊದಲು ಬಡಿಸಿಸಿಕೊಳ್ಳುವುದು ಮರ್ಯಾದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟದ್ದು ಇದೊಂದು.

ದಾನಿಗಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಇನ್ನು ಮೇಲೆ ಹೊರಗೆ ಮಾಡಿದ ಅಡುಗೆ ತರಬೇಡಿ, ದಿನಸಿ ಕೊಡಿ, ನಮ್ಮ ಭಟ್ಟರು ಮಾಡುತ್ತಾರೆ, ನೀವು ಬಂದು ಬಡಿಸಿ. ಸಿಹಿ ತಂದರೆ ಆಫೀಸಿನಲ್ಲಿ ಕೊಡಿ, ನಾವು ಓದಿ ಹಂಚುತ್ತೇವೆ. ಕೆಲವರು ಮುಖ ಸಣ್ಣ ಮಾಡಿಕೊಂಡರು. ಒಬ್ಬರು ಅಪ್ಪನ ತಿಥಿ ದಿನ ಎಳ್ಳುಂಡೆ ಡಬ್ಬ ಹಿಡಿದು ಬಂದಿದ್ದರು. ‘ನಮ್ಮಪ್ಪನಿಗೆ ಇದೇ ಇಷ್ಟ ಸಿಸ್ಟರ್’ ಅಂದರು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸಿ ಆ ಭಾನುವಾರದ್ದೆಲ್ಲ ಹೇಳಿದೆ. ಡಬ್ಬವನ್ನು ಕಾರಿಗೆ ಇಟ್ಟು, ಕೈ ತೊಳೆದು, ಒಳಗೆ ಬಂದು ಎರಡು ಗಂಟೆ ಹಿರಿಯರ ಜೊತೆ ಮಾತಾಡಿ ಹೋದರು. ಕೈ ತೊಳೆಯಿರಿ ಎಂದು ನಾನು ಹೇಳಿರಲಿಲ್ಲ.

ಔಷಧಿಯ ವಿಷಯ ಚುಟುಕಾಗಿ ಹೇಳುತ್ತೇನೆ. ತಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು ನಮ್ಮೂರ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಆಂಪ್ಯೂಲ್ ಇಟ್ಟಿದ್ದೇವೆ. ಯಾರಿಗೆ, ಎಷ್ಟು, ಎಲ್ಲಿಗೆ ಎಂದು ಡಾಕ್ಟರ್ ಬರೆದು ಸಹಿ ಮಾಡಿದ ಹಾಳೆ ಅದರ ಜೊತೆಗೇ ಇದೆ. ಸಿರಿಂಜ್ ಅಲ್ಲೇ. ಪ್ರತಿ ತಿಂಗಳ 1ನೇ ತಾರೀಖು ಅವಧಿ ನೋಡುತ್ತೇನೆ. ಸೆಟ್ರಿಜಿನ್ ತುರಿಕೆ ಇಳಿಸುತ್ತದೆ, ಉಸಿರು ಬಿಡಿಸುವುದಿಲ್ಲ. ಅದನ್ನು ಕೊಟ್ಟು ಕಾಯುತ್ತಾ ಕೂರಬಾರದು. ಉಸಿರು ಕಟ್ಟುತ್ತಿರುವವರನ್ನು, ತಲೆ ಸುತ್ತುತ್ತಿರುವವರನ್ನು ಎಬ್ಬಿಸಿ ನಡೆಸಲೇಬಾರದು. ಬಿಪಿ ಕುಸಿದು ಅಲ್ಲೇ ಜೀವ ಹೋಗಬಹುದು. ಆ ದಿನ ಬಚ್ಚಲ ದಾರಿಯಲ್ಲಿ ಅಜ್ಜಿ ಹಾಕಿದ ಹತ್ತು ಹೆಜ್ಜೆ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ವಯಸ್ಸಾದವರಲ್ಲಿ ಇನ್ನೂ ಕೆಲವು ಗಂಟುಗಳಿವೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲಿ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಇರಬಹುದು. ಅಂಥವರ ಹೆಸರಿನ ಮುಂದೆ ಡಾಕ್ಟರ್ ಗುರುತು ಹಾಕಿದ್ದಾರೆ. ಒಬ್ಬ ತಾತನಿಗೆ ಬೆಳಗಿನ ಜಾವ, ಏನೂ ತಿನ್ನದೆ ತುಟಿ ಊದಿತ್ತು. ನಾವೆಲ್ಲ ರಾತ್ರಿಯ ಊಟದಲ್ಲಿ ಏನಿತ್ತೆಂದು ಹುಡುಕಿದೆವು. ಕಾರಣ ಅವರ ಬಿಪಿ ಮಾತ್ರೆ, ರಾಮಿಪ್ರಿಲ್. ಅದನ್ನು ಬದಲಾಯಿಸಿದರು.

ಆಯಾಗಳಿಗೆ ನಾನು ಉದ್ದ ಪಾಠ ಮಾಡಲಿಲ್ಲ. ಊಟ ಆದ ಮೇಲೆ ಯಾರಾದರೂ ಬಾಯಿ ಒರೆಸಿಕೊಳ್ಳುತ್ತಲೇ ಇದ್ದರೆ, ತುತ್ತು ಉಗಿದರೆ, ಕೈ ಉಜ್ಜಿದರೆ, ಮಾತಾಡುವವರು ಇದ್ದಕ್ಕಿದ್ದಂತೆ ಸುಮ್ಮನಾದರೆ, ಹಟ ಅಂದುಕೊಳ್ಳಬೇಡಿ, ನನ್ನನ್ನು ಕೂಗಿ ಎಂದೆ. ಸುಮ್ಮನೆ ಹತ್ತು ಸಲ ಕೂಗಿದರೂ ಪರವಾಗಿಲ್ಲ ಎಂದೆ. ಅವರು ಕೂಗುತ್ತಾರೆ. ನಾನು ಓಡುತ್ತೇನೆ.

ಆ ಸಲ ಸಂಕ್ರಾಂತಿಗೆ ಏನು ಮಾಡುವುದು ಎಂದು ಯೋಚನೆಯಾಗಿತ್ತು. ಪಕ್ಕದ ಬಡಾವಣೆಯ ಹೆಣ್ಣುಮಕ್ಕಳು ಲಂಗ ಉಟ್ಟು ನಮ್ಮಲ್ಲಿಗೆ ಎಳ್ಳು ಬೀರಲು ಬರುತ್ತಾರೆ. ಅವರು ಬಂದರೆ ಹಿರಿಯರಿಗೆ ಹಬ್ಬ. ಬರಬೇಡಿ ಎನ್ನುವುದು ಹೇಗೆ? ಮನೆಮನೆಗೆ ಹೋಗಿ ಹೇಳಿ ಬಂದೆ. ಭಟ್ಟರು ಹಿಂದಿನ ದಿನವೆಲ್ಲ ಕೂತು ಸಕ್ಕರೆ ಅಚ್ಚು ಮಾಡಿದರು. ಮಕ್ಕಳು ತಂದ ಎಳ್ಳಿನ ಪೊಟ್ಟಣಗಳನ್ನು ಗೇಟಿನಲ್ಲೇ ಇಳಿಸಿಕೊಂಡೆವು. ನಲ್ಲಿಯಲ್ಲಿ ಕೈ ತೊಳೆಸಿ, ಕೈಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಕೊಟ್ಟು ಒಳಗೆ ಕಳಿಸಿದೆವು. ಅಜ್ಜಿಗೆ ಅದು ಯಾವ ಹಬ್ಬ ಎಂದು ಗೊತ್ತಿರಲಿಲ್ಲ. ಪುಟ್ಟ ಹುಡುಗಿಯೊಬ್ಬಳು ಮುಂದೆ ನಿಂತು ಕೈ ಚಾಚಿದಾಗ ಮಾತ್ರ ಎಲ್ಲಿಂದಲೋ ಬಂದಂತೆ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಅಂದರು.

ಸಂಜೆ ಮಗಳು ವಿಡಿಯೋ ಕಾಲ್ ಮಾಡಿದರು. ‘ಅಮ್ಮ ಏನು ತಿಂತಿದಾರೆ ಸಿಸ್ಟರ್?’ ಎಂದೇ ಮೊದಲು ಕೇಳಿದರು. ಫೋನನ್ನು ಅಜ್ಜಿಯ ಕೈಯ ಹತ್ತಿರ ಹಿಡಿದೆ. ಭಟ್ಟರು ಮಾಡಿದ ಸಕ್ಕರೆಯ ಗಿಳಿ. ಅಜ್ಜಿ ಅದರ ಕೊಕ್ಕು ಮುರಿದು ಆಗಲೇ ಬಾಯಿಗೆ ಹಾಕಿಕೊಂಡಿದ್ದರು.